ಕ್ವೀನ್ಸ್‌ಬರಿಯಲ್ಲೊಂದು ಕಾಲುವೆ

ಮೀರಾ ಮತ್ತು ಉದಯಶಂಕರ್ ಲಂಡನ್ನಿನ ಕ್ವೀನ್ಸ್‌ಬರಿಯ ಮನೆ ಕೊಂಡಾಗ ಅದರ ಜೊತೆಗೆ ಮೂರು ವಸ್ತುಗಳು ಬಿಟ್ಟಿ ಬಂದವು. ಹಿತ್ತಲಿನಲ್ಲಿ ತುಕ್ಕು ಹಿಡಿದ ಹುಲ್ಲು ಕತ್ತರಿಸುವ ಯಂತ್ರ, ಮುಂದಿನ ಕೋಣೆಯ ಗೋಡೆಯಲ್ಲಿ ದೊಡ್ಡದೊಂದು ತೇವದ ಕಲೆ, ಆ ಕಲೆಯ ನಡುವೆ ತೂಗುತ್ತಿದ್ದ ಒಂದು ಚಿತ್ರ. ಚಿತ್ರ ಹಾಲೆಂಡಿನದು. ಕಾಲುವೆ, ಅದರ ಮೇಲೊಂದು ಕಲ್ಲಿನ ಸೇತುವೆ, ಬುಟ್ಟಿ ಹಿಡಿದು ಸೇತುವೆ ದಾಟುತ್ತಿರುವ ಹೆಂಗಸು, ಎರಡೂ ದಂಡೆಗೆ ಕಿರಿದಾದ ಎತ್ತರದ ಮನೆಗಳು, ಮೇಲೆಲ್ಲ ಮೋಡ. ಅಸಲು ಚಿತ್ರವೇನಲ್ಲ, ಅಚ್ಚು ಹಾಕಿದ್ದು, ಅದೂ ಮಾಸಿದ್ದು. ಮನೆ ಮಾರಿದ ಮುದುಕ ದಂಪತಿ ಕಲೆ ಮುಚ್ಚಲೆಂದೇ ಅದನ್ನು ಬಿಟ್ಟು ಹೋದರೆಂದು ಉದಯಶಂಕರನ ಅನುಮಾನ. ಆದರೆ ಕಲೆ ಚಿತ್ರಕ್ಕಿಂತ ದೊಡ್ಡದಾಗಿತ್ತು. ನಾಲ್ಕು ವರ್ಷ ಎರಡನ್ನೂ ಯಾರೂ ಮುಟ್ಟಲಿಲ್ಲ.

1997ರ ಅಕ್ಟೋಬರಿನಲ್ಲಿ ಮೀರಾಳ ತಂದೆ ಅಡಿವೆಪ್ಪನವರು ಆರು ತಿಂಗಳ ವೀಸಾ ಮೇಲೆ ಗದಗಿನಿಂದ ಬಂದರು. ಅರವತ್ತೊಂಬತ್ತು ವರ್ಷ. ನಾಟಕ ಕಂಪನಿಗಳಿಗೆ ನಲವತ್ತು ವರ್ಷ ಪರದೆ ಬರೆದವರು. ಅರಮನೆ, ಅಡವಿ, ಬೀದಿ, ಸ್ಮಶಾನ ಎಲ್ಲವೂ ಅವರ ಕೈಯಿಂದ ಇಳಿದು ಊರೂರು ಸುತ್ತಿದ್ದವು. ಹಿಂದಿನ ವರ್ಷ ಹೆಂಡತಿ ತೀರಿಕೊಂಡ ಮೇಲೆ ಮಗನ ಮನೆಯಲ್ಲಿದ್ದರು. ಅಲ್ಲಿ ಯಾರೂ ಅವರನ್ನು ಕೆಟ್ಟದಾಗಿ ನೋಡಿಕೊಳ್ಳುತ್ತಿರಲಿಲ್ಲ. ಆದರೂ ಅಪ್ಪ ಇನ್ನು ತನ್ನ ಹತ್ತಿರವೇ ಇರಬೇಕೆಂದು ಮೀರಾ ಮನಸ್ಸು ಮಾಡಿದ್ದಳು. ಇಲ್ಲೇ ಉಳಿಯಲು ಅನುಮತಿ ಕೇಳುವ ಅರ್ಜಿಯನ್ನೂ ತರಿಸಿಟ್ಟಿದ್ದಳು. ಅದಕ್ಕೆ ಎರಡು ಸಹಿ ಬೇಕು. ಒಂದು ಅಪ್ಪನದು, ಇನ್ನೊಂದು ಕೊನೆಯತನಕ ನೋಡಿಕೊಳ್ಳುತ್ತೇನೆಂದು ಮನೆಯ ಯಜಮಾನನದು. ಉದಯಶಂಕರ್ "ನೋಡೋಣ" ಎಂದು ಅದನ್ನು ಟೆಲಿಫೋನಿನ ಕೆಳಗಿನ ಡ್ರಾಯರಿನಲ್ಲಿ ಹಾಕಿದ.

ಉದಯಶಂಕರ್ ಮೈಸೂರಿನವನು. ಭೂಗತ ರೈಲಿನ ಸಿಗ್ನಲ್ ವಿಭಾಗದಲ್ಲಿ ಕೆಲಸ, ಪಾಳಿ ವಾರವಾರಕ್ಕೂ ಬದಲು. ಕೆಟ್ಟ ಮನುಷ್ಯನಲ್ಲ, ಸಿಡುಕನೂ ಅಲ್ಲ. ಆದರೆ ಮುಂದಿನ ಕೋಣೆಯ ಸೋಫಾ ಈಗ ಮಾವನ ಹಾಸಿಗೆಯಾಗಿತ್ತು, ಟೀವಿ ಇದ್ದದ್ದೂ ಅಲ್ಲೇ. ರೊಟ್ಟಿ ಬೇಯಿಸಿದಾಗಲೆಲ್ಲ ಹೊಗೆಯ ಅಲಾರಂ ಕಿರುಚಿಕೊಳ್ಳುತ್ತಿತ್ತು. ಅವನು ಸಾರು ಅನ್ನ ಉಂಡು ಬೆಳೆದವನು. ವಾರಕ್ಕೆ ಐದು ದಿನ ಜೋಳದ ರೊಟ್ಟಿ ಕಂಡು ಏನೂ ಅನ್ನದೆ ಮುರಿದುಕೊಳ್ಳುತ್ತಿದ್ದ. ಅನ್ನದೇ ಇದ್ದದ್ದೇ ಮೀರಾಳ ಕಿವಿಗೆ ಬೀಳುತ್ತಿತ್ತು.

ಮೀರಾ ಕೌನ್ಸಿಲ್ ಲೈಬ್ರರಿಯಲ್ಲಿ ಕೆಲಸಕ್ಕಿದ್ದಳು. ಲಂಡನ್ನಿನ ಕನ್ನಡದವರ ಮುಂದೆ ಅಪ್ಪನ ವಿಚಾರ ಹೇಳುವುದೆಂದರೆ ಅವಳಿಗೆ ಹುಮ್ಮಸ್ಸು. ನಟರು ರಂಗಕ್ಕೆ ಬರುವ ಮೊದಲೇ ಬರೀ ಪರದೆ ನೋಡಿ ಜನ ಚಪ್ಪಾಳೆ ಹೊಡೆಯುತ್ತಿದ್ದರು ಎಂದು ಎಷ್ಟು ಸಲ ಹೇಳಿದ್ದಳೋ. ಸುಳ್ಳಲ್ಲ, ಆ ಚಪ್ಪಾಳೆ ಅವಳೇ ಕೇಳಿದ್ದು. ಸಂಕ್ರಾಂತಿಗೆ ಎಳ್ಳು ಬೀರಲು ಜನರನ್ನು ಕರೆಯುವುದಿತ್ತು. ನವೆಂಬರಿನ ಒಂದು ದಿನ ಊಟಕ್ಕೆ ಕುಳಿತಾಗ ಗೋಡೆಯ ಚಿತ್ರ ತೋರಿಸಿ ಅದನ್ನೇ ದೊಡ್ಡದಾಗಿ ಬರೆದುಕೊಡಲು ಅಪ್ಪನನ್ನು ಕೇಳಿದಳು. ಕಲೆಯೂ ಮುಚ್ಚುತ್ತದೆ, ಬಂದವರೂ ನೋಡುತ್ತಾರೆ.

ಅಡಿವೆಪ್ಪನವರು ರೊಟ್ಟಿ ಬಿಟ್ಟು ಎದ್ದುಹೋಗಿ ಚಿತ್ರದ ಮುಂದೆ ನಿಂತರು. ಬಂದ ದಿನದಿಂದ ಅದನ್ನು ನೋಡಿದ್ದರು, ಆದರೆ ಹಾಗೆ ನೋಡಿದ್ದು ಅಂದೇ.

"ಚಲೋ ಐತಿ," ಅಂದರು. "ನೀರು ಬರಿಯೂದು ತ್ರಾಸು. ನೋಡೂನು."

ಡಬಲ್ ಬೆಡ್ಡಿನ ಹಳೆಯ ಬೆಡ್‌ಶೀಟು ಎರಡು ಜೋಡಿಸಿ ಹೊಲಿದರು, ಅನ್ನದ ಗಂಜಿ ಹಚ್ಚಿ ಹಿತ್ತಲಲ್ಲಿ ಒಣಹಾಕಿದರು. ಲಂಡನ್ನಿನ ನವೆಂಬರಿನಲ್ಲಿ ಅದು ಒಣಗಲಿಲ್ಲ. ಅಡುಗೆಮನೆಯ ರೇಡಿಯೇಟರ್ ಮೇಲೆ ಹರವಿದ್ದರಿಂದ ಮೂರು ದಿನ ಮನೆಯೆಲ್ಲ ಹಳಸಿದ ಅನ್ನದ ವಾಸನೆ. ಶೆಡ್ಡಿನಲ್ಲಿ ಉಳಿದಿದ್ದ ಗೋಡೆಯ ಬಣ್ಣ, ಮೊಮ್ಮಗಳ ಶಾಲೆಯ ಬಣ್ಣದ ಡಬ್ಬಿ, ಅಗಲದ ಬ್ರಷ್ಷು ಎರಡು. ಹದಿನಾಲ್ಕು ವರ್ಷದ ಸಿರಿಶಾ ಸಂಜೆ ಶಾಲೆಯಿಂದ ಬಂದವಳೇ ಅಜ್ಜನ ಹತ್ತಿರ ಕೂತು ಬಣ್ಣ ಕಲಸುತ್ತಿದ್ದಳು. ಅವರು ಗದಗಿನ ಮಾತಿನಲ್ಲಿ ಹೇಳುತ್ತಿದ್ದರು, ಇವಳು ಇಂಗ್ಲಿಷಿನಲ್ಲಿ ಉತ್ತರಿಸುತ್ತಿದ್ದಳು. ಇಬ್ಬರಿಗೂ ಅಡಚಣೆಯಾದಂತೆ ಕಾಣಲಿಲ್ಲ.

ಒಂದೇ ತೊಂದರೆ ಎಂದರೆ ಕೋಣೆ ಚಿಕ್ಕದು. ಅಡಿವೆಪ್ಪನವರು ನಾಲ್ಕು ಗೆರೆ ಎಳೆದು ಹಿಂದೆ ಸರಿಯುವರು, ಸೋಫಾ ತಾಗುವುದು. ಸೋಫಾ ಸರಿಸಿ ಹಿಂದೆ ಹೋದರೆ ಕಿಟಕಿ. "ಈ ಮನ್ಯಾಗ ಹಿಂದಕ ಸರಿಯಾಕ ಜಾಗಾನ ಇಲ್ಲಲ್ಲವ್ವಾ," ಎಂದು ಒಂದೆರಡು ಸಲ ಮಗಳಿಗೆ ಹೇಳಿದರು. ಮನೆ ಚಿಕ್ಕದಾಯಿತೆಂಬ ದೂರು ಎಂದುಕೊಂಡು ಮೀರಾ ಬೇಸರಪಟ್ಟಳು. ಡಿಸೆಂಬರಿನಲ್ಲಿ ಕಿಟಕಿಯ ಬಲೆಯಂಥ ಬಿಳಿ ಕರ್ಟನ್‌ಗಳನ್ನು ಅವರೇ ಬಿಚ್ಚಿ ಮಡಿಚಿಟ್ಟರು. ಬೀದಿಯಲ್ಲಿ ಹೋಗುವವರಿಗೆಲ್ಲ ಮನೆ ಬಟಾಬಯಲಾಯಿತು ಎಂದು ಉದಯಶಂಕರ್ ಗೊಣಗಿದ. ಚಿತ್ರ ಮುಗಿಯಲಿ, ಮತ್ತೆ ಹಾಕೋಣ ಎಂದು ಮೀರಾ ಸಮಾಧಾನ ಹೇಳಿದಳು.

ಕ್ರಿಸ್ಮಸ್ಸಿನ ಹೊತ್ತಿಗೆ ಚಿತ್ರ ಗೋಡೆಗೇರಿತು. ಗೋಡೆಯ ಈ ತುದಿಯಿಂದ ಆ ತುದಿಯವರೆಗೆ.

ಮೀರಾ ಲೈಬ್ರರಿಯಿಂದ ಬಂದು ಕೋಟು ಬಿಚ್ಚದೆ ನೋಡಿದಳು. ಬರೆಯುವಾಗ ತುಂಡು ತುಂಡಾಗಿ ಕಂಡದ್ದು ಈಗ ಇಡಿಯಾಗಿ ಕಣ್ಣಿಗೆ ಬಿತ್ತು. ಸೇತುವೆ ಆನೆಯ ಬೆನ್ನಿನಷ್ಟು ದಪ್ಪವಾಗಿತ್ತು. ಕಾಲುವೆಯ ನೀರು ಗೋಡೆಯಂತೆ ನೆಟ್ಟಗೆ ಮೇಲೆದ್ದಿತ್ತು. ಮನೆಗಳು ಒಂದೂ ನೆಟ್ಟಗಿರದೆ ಆಚೀಚೆ ವಾಲಿದ್ದವು. ಬುಟ್ಟಿಯ ಹೆಂಗಸಿಗೆ ಮುಖವೇ ಇಲ್ಲ, ಎರಡು ಕಂದು ಮಚ್ಚೆ ಮಾತ್ರ.

"ಇಲ್ಲಿಂದಲ್ಲವ್ವಾ, ದೂರ ಹೋಗಿ ನೋಡು," ಅಂದರು ಅಪ್ಪ.

ಅವಳು ಸೋಫಾದವರೆಗೆ ಸರಿದಳು. ಇನ್ನೂ ದೂರ ಅಂದರು. ಬೆನ್ನಿಗೆ ಕಿಟಕಿ ತಾಗಿತು. ಅಷ್ಟರಲ್ಲಿ ಅಡುಗೆಮನೆಯಲ್ಲಿ ಹಾಲು ಉಕ್ಕಿತು, ಓಡಿದಳು. ಒಲೆ ಒರೆಸುತ್ತ ನಿಂತವಳಿಗೆ ಮತ್ತೆ ಆ ಕೋಣೆಗೆ ಹೋಗುವ ಧೈರ್ಯ ಬರಲಿಲ್ಲ.

ಮೀರಾ ಕಂಪನಿಯಲ್ಲೇ ಹುಟ್ಟಿ ಬೆಳೆದವಳು ನಿಜ. ಆದರೆ ಅವಳ ತಾಯಿ ನಟರ ಬಟ್ಟೆ ಹೊಲಿಯುವವರು, ಆಟ ಮುಗಿಯುವತನಕ ಒಳಗೇ ಇರಬೇಕು, ಮಗುವೂ ಅವರ ಜೊತೆಗೇ. ಅವಳು ನೋಡಿದ್ದೆಲ್ಲ ಪರದೆಯ ಬೆನ್ನು: ಬಿದಿರು, ಹಗ್ಗ, ಒಸರಿದ ಬಣ್ಣ. ಆಚೆಯಿಂದ ಚಪ್ಪಾಳೆ ಕೇಳಿಸುತ್ತಿತ್ತು. ಅದು ಯಾವುದಕ್ಕೆ ಎಂದು ಮುಂದೆ ಹೋಗಿ ಜನರ ನಡುವೆ ಕೂತು ಒಂದು ಸಲವೂ ನೋಡಿದವಳಲ್ಲ. ಇದು ಅವಳಿಗೂ ಆಗ ನೆನಪಿರಲಿಲ್ಲ.

ಆ ವಾರವೇ ಪಕ್ಕದ ಮನೆಯ ಪಾಮ್ ಬೇಲಿಯ ಮೇಲಿಂದ ಉದಯಶಂಕರನನ್ನು ಕರೆದು ವಿಷಯ ತಿಳಿಸಿದಳು. ಅವನು ಊಟದ ಹೊತ್ತಿಗೆ ಅದನ್ನು ಮೀರಾಳ ಮುಂದಿಟ್ಟ. ಅಡಿವೆಪ್ಪನವರು ಉಂಡು ಸ್ನಾನದ ಮನೆಗೆ ಹೋಗಿದ್ದರು.

"ನಿಮ್ಮಪ್ಪ ದಿನಾ ರಸ್ತೆ ದಾಟಿ ಎದುರು ಬಸ್ ಸ್ಟಾಪಲ್ಲಿ ನಿಂತ್ಕೋತಾರಂತೆ. ಬಸ್ ಬಂದ್ರೂ ಹತ್ತಲ್ವಂತೆ. ನಮ್ಮ ಮನೇನೇ ನೋಡ್ತಾ ಇರ್ತಾರಂತೆ, ತಮ್ಮನೆ ಯಾವ್ದು ಅಂತ ಮರೆತೋದವ್ರ ಥರ."

"ಗಾಳಿಗೆ ಹೋಗಿರ್ತಾರ ಬಿಡ್ರಿ."

"ಈ ಚಳೀಲಿ? ಸ್ವೆಟರ್ ಕೂಡ ಇಲ್ದೆ? ಮೀರಾ, ಆ ಚಿತ್ರ ನೋಡಿದ್ಯಲ್ಲ ನೀನು. ನಲವತ್ತು ವರ್ಷ ಬರೆದ ಕೈ ಅಂತೀಯ. ಆ ಕೈ ಹೀಗೆ ಬರೆಯುತ್ತಾ?"

ಮೀರಾ ತನ್ನ ತಟ್ಟೆ ಎತ್ತಿಕೊಂಡಳು. ಅವಳ ಭಯವನ್ನೇ ಅವನು ಬಾಯಿಬಿಟ್ಟು ಹೇಳಿದ್ದ. ಸಿರಿಶಾ ಮೊಸರನ್ನ ಕಲಸುತ್ತ, "ಇಟ್ಸ್ ಬೆಟರ್ ಫ್ರಮ್ ದ ಬಸ್ ಸ್ಟಾಪ್," ಅಂದಳು. ಅಜ್ಜನನ್ನು ಹಾಸ್ಯ ಮಾಡಬೇಡ ಎಂದು ಉದಯಶಂಕರ್ ಗದರಿದ. ಅವಳು ಭುಜ ಕುಣಿಸಿದಳು.

ಸಂಕ್ರಾಂತಿ ಕಳೆದ ಭಾನುವಾರ ಮಧ್ಯಾಹ್ನ ವೆಂಬ್ಲಿಯಿಂದ ಗೋಪೀನಾಥ, ಅವನ ಹೆಂಡತಿ ವಿಶಾಲಾಕ್ಷಿ, ಇನ್ನೂ ಎರಡು ಸಂಸಾರ ಬಂದವು. ಚಿತ್ರ ತೆಗೆದುಬಿಡೋಣವೆಂದು ಮೀರಾ ಎರಡು ದಿನ ಯೋಚಿಸಿದ್ದಳು, ಕೈ ಬರಲಿಲ್ಲ. ಸೋಫಾದಲ್ಲಿ ಕೂತವರ ಮೂಗಿಗೇ ಸೇತುವೆ ಬಡಿಯುವಂತಿತ್ತು. ಗೋಪೀನಾಥ ಕಣ್ಣು ಕಿರಿದು ಮಾಡಿ ಬಣ್ಣ ಚೆನ್ನಾಗಿದೆ ಎಂದ. ವಿಶಾಲಾಕ್ಷಿ ಕೆಟ್ಟ ಮನಸ್ಸಿನಿಂದ ಕೇಳಲಿಲ್ಲ, ಸಿರಿಶಾ ಚಿಕ್ಕವಳಿದ್ದಾಗ ಬರೆದದ್ದೋ ಎಂದು ಕೇಳಿದಳು.

ಅಡಿವೆಪ್ಪನವರು ಎಳ್ಳುಬೆಲ್ಲದ ತಟ್ಟೆ ಹಿಡಿದು ಬಾಗಿಲಲ್ಲೇ ಇದ್ದರು. "ನಾ ಬರದದ್ದು ತಂಗಿ," ಎಂದು ತಟ್ಟೆ ಮುಂದೆ ಹಿಡಿದರು. ವಿಶಾಲಾಕ್ಷಿಯ ಮುಖ ಕೆಂಪಾಯಿತು. ಅವರು ಬೇರೇನೂ ಹೇಳಲಿಲ್ಲ. ನೋಡುವವರಿಗೆ ಬಾಯಿಂದ ವಿವರಿಸಬೇಕಾಗಿ ಬಂದರೆ ಪರದೆ ಸೋತಿತೆಂದೇ ಅವರ ಕಸುಬಿನಲ್ಲಿ ಲೆಕ್ಕ. ಬಂದವರು ಹೋದ ಮೇಲೆ ಬ್ರಷ್ಷು ತೆಗೆದು ಮೋಡವನ್ನು ಸ್ವಲ್ಪ ತಿದ್ದಿದರು, ಕತ್ತಲಾಗುತ್ತಲೇ ದೀಪ ಹಚ್ಚಿಟ್ಟು ರಸ್ತೆ ದಾಟಿ ಹೋದರು. ಉದಯಶಂಕರ್ ಮಹಡಿಯ ಕಿಟಕಿಯಿಂದ ನೋಡಿದ. ಅವರು ಹತ್ತು ನಿಮಿಷ ನಿಂತಿದ್ದರು.

ಮುಂದಿನ ವಾರ ಮೀರಾ ಅಪ್ಪನನ್ನು ಜಿಪಿ, ಅಂದರೆ ಬಡಾವಣೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ರಕ್ತದೊತ್ತಡ ನೋಡಲು ಎಂದು ಹೇಳಿದ್ದಳು. ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು, ನಿಧಾನಿ. ಇವತ್ತು ತಾರೀಕೆಷ್ಟು ಎಂದು ಮೀರಾಳಿಂದ ಕೇಳಿಸಿದರು. ಪುಷ್ಯ ಬಹುಳ ಚತುರ್ದಶಿ, ನಾಳೆ ಅಮಾಸಿ ಅಂದರು ಅಡಿವೆಪ್ಪನವರು. ಅದು ಸರಿಯೋ ತಪ್ಪೋ ಮೀರಾಳಿಗೇ ಗೊತ್ತಿರಲಿಲ್ಲ, ತಾರೀಕು ಗೊತ್ತಿಲ್ಲವಂತೆ ಎಂದು ಹೇಳಿದಳು. ಆಮೇಲೆ ಒಂದು ಹಾಳೆ ಕೊಟ್ಟು ಗಡಿಯಾರ ಬರೆಯಲು ಹೇಳಿದರು.

"ಎಷ್ಟು ಎತ್ತರದಾಗ ತೂಗಹಾಕ್ತಾರ ಕೇಳವ್ವಾ," ಅಂದರು ಅವರು. "ನೋಡೋರು ಎಲ್ಲಿ ಕುಂದರ್ತಾರ?"

ಮೀರಾ ಅದನ್ನು ಡಾಕ್ಟರಿಗೆ ಹೇಳಲಿಲ್ಲ. ನಾಚಿಕೆಯಾಯಿತು. ಸುಮ್ಮನೆ ಬರೆಯಪ್ಪ ಅಂದಳು. ಉತ್ತರ ಸಿಗದ್ದರಿಂದ ಅಡಿವೆಪ್ಪನವರು ಅರಮನೆಯ ಗೋಡೆಯ ಮೇಲಿನ ಗಡಿಯಾರ, ನೋಡುವವರು ಕೆಳಗೆ ದೂರದಲ್ಲಿ ಕೂತವರು ಎಂದಿಟ್ಟುಕೊಂಡು ಬರೆದರು. ಮೊಟ್ಟೆಯಂತೆ ಮೇಲಕ್ಕೆ ಉದ್ದ, ಮೇಲಿನ ಅಂಕಿಗಳು ದೊಡ್ಡವು, ಕೆಳಗಿನವು ಸಣ್ಣವು. ಡಾಕ್ಟರು ಹಾಳೆಯನ್ನು ಬಹಳ ಹೊತ್ತು ನೋಡಿದರು. ನೆನಪಿನ ಶಕ್ತಿ ಪರೀಕ್ಷಿಸುವ ಕ್ಲಿನಿಕ್ಕಿಗೆ ಪತ್ರ ಬರೆಯುತ್ತೇನೆ, ಸರದಿ ಬರಲು ಕೆಲವು ತಿಂಗಳು ಬೇಕು ಎಂದರು.

ಉದಯಶಂಕರ್ ಸಹಿ ಮಾಡುವುದಿಲ್ಲ ಎಂದು ಅಂದೇ ಹೇಳಿಬಿಟ್ಟ. ದನಿ ಎತ್ತಲಿಲ್ಲ, ಅದೇ ಕಷ್ಟವಾಗಿತ್ತು. ಇಬ್ಬರೂ ಕೆಲಸಕ್ಕೆ ಹೋಗುವವರು, ಗ್ಯಾಸ್ ಹಚ್ಚಿಟ್ಟು ಮರೆತರೆ ಯಾರು ನೋಡುತ್ತಾರೆ, ದಾರಿ ತಪ್ಪಿದರೆ ಯಾರನ್ನು ಕೇಳುತ್ತಾರೆ ಎಂದ. ಊರಿನಲ್ಲಾದರೆ ಬೀದಿಯೆಲ್ಲ ಗುರುತಿನವರು. ಮೀರಾ ಎರಡು ದಿನ ಜಗಳವಾಡಿದಳು, ಒಂದು ದಿನ ಅಡುಗೆ ಮಾಡಲಿಲ್ಲ, ಕೊನೆಗೆ ಒಪ್ಪಿದಳು. ಮಾರ್ಚ್ ಎರಡನೆಯ ವಾರಕ್ಕೆ ಟಿಕೆಟ್ ಆಯಿತು. ಯುಗಾದಿಗೆ ಊರಲ್ಲಿರಬಹುದು ಅಪ್ಪಾ ಅಂದಳು.

"ಹಂಗ ಮಾಡೂನಂತ," ಅಂದರು ಅವರು.

ಉದಯಶಂಕರ್ ಬಿಳಿ ಕರ್ಟನ್‌ಗಳನ್ನು ಮತ್ತೆ ಕಿಟಕಿಗೆ ಏರಿಸಿದ. ಚಿತ್ರವನ್ನು ಮಾತ್ರ ತೆಗೆಯಲಿಲ್ಲ. ಮಾವ ಇರುವಷ್ಟು ದಿನ ಇರಲಿ, ಮುದುಕರ ಮನಸ್ಸು ನೋಯಿಸುವುದೇಕೆ ಎಂದ. ಅಡಿವೆಪ್ಪನವರು ರಸ್ತೆ ದಾಟಿ ನಿಲ್ಲುವುದನ್ನು ಅಂದಿಗೇ ಬಿಟ್ಟರು. ಕ್ಲಿನಿಕ್ಕಿನ ಸುದ್ದಿ ಅವರಿಗೆ ಹೇಗೋ ಗೊತ್ತಾಗಿತ್ತು. ಮಾತು ಕಮ್ಮಿಯಾಯಿತು. ಪಾತ್ರೆ ತೊಳೆದಿಡುವುದು, ತರಕಾರಿ ಹೆಚ್ಚಿಡುವುದು, ಹೋಗುವ ಮನೆಯನ್ನು ಚೊಕ್ಕ ಮಾಡುವವರಂತೆ ಒಂದೊಂದೇ ಕೆಲಸ ಹುಡುಕಿ ಮಾಡತೊಡಗಿದರು. ಫೆಬ್ರವರಿ ಕೊನೆಯ ಶನಿವಾರ ಆ ಕರ್ಟನ್‌ಗಳನ್ನೂ ಬಿಚ್ಚಿ ಒಗೆದು ಒಣಹಾಕಿದರು.

ಅಂದು ಸಂಜೆ ಮೀರಾ ಗದಗಿನ ತಮ್ಮನ ಮಕ್ಕಳಿಗೆ ಬಟ್ಟೆ ತರಲು ಈಲಿಂಗ್ ರೋಡಿಗೆ ಹೊರಟಳು. ಕೆಲಸಕ್ಕೆ ಹೋಗುವಾಗ ದಿನವೂ ಎದುರಿನ ಸ್ಟಾಪಿನಲ್ಲೇ ಬಸ್ಸು ಹಿಡಿಯುತ್ತಿದ್ದಳು, ಆದರೆ ಅದು ಬೆಳಿಗ್ಗೆ, ಅಪ್ಪ ಮಲಗಿರುವ ಕೋಣೆಯ ಕಿಟಕಿಗೆ ರಾತ್ರಿಯ ದಪ್ಪ ಕರ್ಟನ್ ಎಳೆದಿರುವ ಹೊತ್ತು. ವಾಪಸ್ ಬಂದು ಇಳಿಯುವುದು ರಸ್ತೆಯ ಮನೆ ಕಡೆಯ ಬದಿಗೆ. ಕತ್ತಲಾಗುವ ಹೊತ್ತಿನಲ್ಲಿ ಅಲ್ಲಿ ನಿಂತದ್ದು ಅದೇ ಮೊದಲು. ಬಸ್ಸು ಬರುತ್ತದೋ ಎಂದು ತಿರುಗಿದವಳು ಮನೆಯ ಕಡೆ ನೋಡಿದಳು.

ಮುಂದಿನ ಕೋಣೆಯ ದೀಪ ಹತ್ತಿತ್ತು. ಕಿಟಕಿಯೊಳಗೆ ಒಂದು ಕಾಲುವೆ ಹರಿಯುತ್ತಿತ್ತು. ಗೋಡೆಯಂತೆ ಎದ್ದಿದ್ದ ನೀರು ಮಟ್ಟಸವಾಗಿ ಮಲಗಿ ದೂರ ದೂರ ಹೋಗಿತ್ತು. ವಾಲಿದ್ದ ಮನೆಗಳು ಎರಡೂ ದಂಡೆಗೆ ನೆಟ್ಟಗೆ ನಿಂತಿದ್ದವು. ಸೇತುವೆ ಅದರ ಮೇಲೆ ಹಗುರಾಗಿ ಬಾಗಿತ್ತು. ಬುಟ್ಟಿ ಹಿಡಿದ ಹೆಂಗಸಿಗೆ ಮುಖವಿತ್ತು, ಅವಳು ಮನೆಗೆ ಹೊರಟಿದ್ದಳು. ತಮ್ಮ ಮನೆಯ ಕಿಟಕಿಯ ಹಿಂದೆ ಮನೆಯೇ ಇಲ್ಲದೆ ಹಾಲೆಂಡೇ ಇದ್ದಂತೆ ಕಾಣುತ್ತಿತ್ತು.

ಬಸ್ಸು ಬಂತು, ಹೋಯಿತು. ಬೆಂಚಿನ ಮೇಲೆ ಕೂತಿದ್ದ ಇಂಗ್ಲಿಷ್ ಮುದುಕಿಯೊಬ್ಬಳು ಮೀರಾ ನೋಡುವ ಕಡೆಯೇ ನೋಡುತ್ತ, ಕ್ರಿಸ್ಮಸ್ಸಿನ ಹೊತ್ತಿನಲ್ಲಿ ನಾವೆಲ್ಲ ಇಲ್ಲಿ ಅದನ್ನು ನೋಡುತ್ತಲೇ ಬಸ್ಸಿಗೆ ಕಾಯುತ್ತಿದ್ದೆವು, ಕರ್ಟನ್ ಹಾಕಿದ ಮೇಲೆ ಬೇಜಾರಾಗಿತ್ತು ಎಂದಳು. ಒಬ್ಬ ವಯಸ್ಸಾದವರು ಬಂದು ನಿಂತು ನೋಡಿ ಹೋಗಿ ತಿದ್ದುತ್ತಿದ್ದರು, ದಿನದಿನಕ್ಕೂ ಚೆನ್ನಾಗುತ್ತಿತ್ತು ಎಂದಳು. ಆ ಮನೆಯವರು ಅದೃಷ್ಟವಂತರು ಎಂದೂ ಸೇರಿಸಿದಳು. ಮೀರಾಳಿಗೆ ಅಳು ತಡೆಯಲಾಗಲಿಲ್ಲ. ಡಾಕ್ಟರ ಮುಂದೆ ತಾನು ನುಂಗಿದ್ದ ಅಪ್ಪನ ಪ್ರಶ್ನೆ ನೆನಪಾಯಿತು: ನೋಡೋರು ಎಲ್ಲಿ ಕುಂದರ್ತಾರ?

ಗಂಡನನ್ನೂ ಮಗಳನ್ನೂ ಹಿತ್ತಲ ಬಾಗಿಲಿಂದ ಕರೆದುಕೊಂಡು ಬಂದು ಅಲ್ಲೇ ನಿಲ್ಲಿಸಿದಳು. ಉದಯಶಂಕರ್ ಚಪ್ಪಲಿಯಲ್ಲೇ ಬಂದಿದ್ದ. ನೋಡಿದ. ನಾಲ್ಕು ಹೆಜ್ಜೆ ಎಡಕ್ಕೆ ಹೋಗಿ ನೋಡಿದ, ಬಲಕ್ಕೆ ಬಂದು ನೋಡಿದ.

"ಮಾವ ಒಂದು ಮಾತು ಹೇಳಬಹುದಿತ್ತಲ್ಲ," ಅಂದ.

"ಐ ಟೋಲ್ಡ್ ಯೂ," ಅಂದಳು ಸಿರಿಶಾ. ಈ ಸಲ ಯಾರೂ ಗದರಲಿಲ್ಲ.

ಉದಯಶಂಕರ್ ಒಳಗೆ ಹೋದವನೇ ಡ್ರಾಯರಿನಿಂದ ಅರ್ಜಿ ತೆಗೆದು ತನ್ನ ಸಹಿ ಹಾಕಿದ. ಹಾಕಿ ಮೀರಾಳ ಕೈಗೆ ಕೊಟ್ಟು, ಟಿಕೆಟ್ ರದ್ದು ಮಾಡಿಸುವುದು ತನಗಿರಲಿ ಎಂದ. ಅವಳು ಅದನ್ನು ಅಪ್ಪನ ಮುಂದೆ ಊಟದ ಮೇಜಿನ ಮೇಲಿಟ್ಟಳು, ಪೆನ್ನೂ ಇಟ್ಟಳು, ಬಸ್ ಸ್ಟಾಪಿನಿಂದ ನೋಡಿದೆನೆಂದು ಹೇಳಿದಳು. ಅಡಿವೆಪ್ಪನವರು ಬದನೆಕಾಯಿ ಹೆಚ್ಚುವುದನ್ನು ನಿಲ್ಲಿಸಿದರು.

"ಹೆಂಗ ಕಂಡತು?"

"ಭಾಳ ಚಲೋ ಕಂಡತಪ್ಪಾ."

ಅವರು ತಲೆಯಾಡಿಸಿದರು. ಚಾಕು ಕೆಳಗಿಟ್ಟು, ಸಿಟ್ಟಿಲ್ಲದ ದನಿಯಲ್ಲಿ ಹೇಳಿದರು: "ಡಾಕ್ಟರ್ ಮುಂದ ಕುಂದರ್ಸಿ ನನ್ನ ತಲಿ ನೆಟ್ಟಗೈತೋ ಇಲ್ಲೋ ಅಂತ ಕೇಳಿದ್ರಿ. ಅಲ್ಲಿ ಯಾಕ ನಿಂದರ್ತೀಯಪ್ಪಾ ಅಂತ ನನಗ ಒಮ್ಮೆನೂ ಕೇಳಲಿಲ್ಲ."

"ತಪ್ಪಾತಪ್ಪಾ."

"ಆತು. ನೀ ಅಳಬ್ಯಾಡ." ಹಾಳೆಯನ್ನು ಮಡಿಚಿ ಪೆನ್ನಿನ ಸಮೇತ ಅವಳ ಕಡೆ ಸರಿಸಿದರು. "ನಿಮಗ ವಿಚಾರ ಮಾಡಾಕ ನಾಕು ತಿಂಗಳು ಬೇಕಾತು. ನಾನೂ ಊರಿಗೆ ಹೋಗಿ ವಿಚಾರ ಮಾಡ್ತೀನಿ. ಟಿಕೀಟ್ ಇರಲಿ."

ಅವರನ್ನು ಒಪ್ಪಿಸಲು ಉದಯಶಂಕರನೂ ನೋಡಿದ. ಎರಡು ವಾರ ಬೆಳಗಿನ ತಿಂಡಿಗೆ ತಾನಾಗಿ ರೊಟ್ಟಿ ಕೇಳಿ ತಿಂದ. ಅವರು ನಕ್ಕರು, ಮಾತಾಡಿಸಿದರು, ಅವನ ಜೊತೆ ಕೂತು ಟೀವಿ ನೋಡಿದರು. ಸಹಿ ಮಾತ್ರ ಮಾಡಲಿಲ್ಲ.

ಹೊರಡುವ ದಿನ ಸಂಜೆ ಆರೂವರೆಗೆ ಮಿನಿಕ್ಯಾಬ್ ಬಂದು ರಸ್ತೆಯ ಎದುರು ಬದಿಯಲ್ಲಿ ನಿಂತಿತು. ಉದಯಶಂಕರ್ ಪೆಟ್ಟಿಗೆಗಳನ್ನು ಹಿಂದೆ ತುಂಬಿದ. ಸಿರಿಶಾಳಿಗೆ ಮರುದಿನ ಪರೀಕ್ಷೆ, ಅವಳು ಮನೆಯಲ್ಲೇ ಉಳಿಯಬೇಕು. ಅಡಿವೆಪ್ಪನವರು ಕಾರಿನ ಬಾಗಿಲು ಹಿಡಿದು ಮನೆಯ ಕಡೆ ನೋಡಿದರು. ಕರ್ಟನ್‌ಗಳು ಇರಲಿಲ್ಲ, ಆದರೆ ಕೋಣೆ ಕತ್ತಲು, ಗಾಜಿನಲ್ಲಿ ರಸ್ತೆಯ ದೀಪ ಮಾತ್ರ ಕಾಣುತ್ತಿತ್ತು. ಮೀರಾ ಮಗಳನ್ನು ಕರೆಯಬೇಕು ಎನ್ನುವಷ್ಟರಲ್ಲಿ ಒಳಗೆ ದೀಪ ಹತ್ತಿತು. ಸಿರಿಶಾ ಒಂದು ಗಳಿಗೆ ಸೇತುವೆಯ ಪಕ್ಕ ನಿಂತಂತೆ ಕಂಡು, ಆಮೇಲೆ ಅಡ್ಡವಾಗಬಾರದೆಂದು ಬದಿಗೆ ಸರಿದಳು.

ಡ್ರೈವರ್ ಗಡಿಯಾರ ನೋಡಿಕೊಂಡ. ಬಸ್ ಸ್ಟಾಪಿನಲ್ಲಿ ಇಬ್ಬರು ಮೂವರು ನಿಂತಿದ್ದರು, ಅವರೂ ನೋಡುತ್ತಿದ್ದರು. ಅಡಿವೆಪ್ಪನವರು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದರು.

"ನೀರು ಒಂದೀಟು ಮ್ಯಾಲಾಗೇತಿ," ಅಂದರು ಮಗಳಿಗೆ. "ಇರಲಿ ಬಿಡು. ಬಂದಾಗ ತಿದ್ದತೀನಿ."

ಹಾಗೆಂದು ಕಾರಿನೊಳಗೆ ಕೂತರು.